ಬಿಟ್ಟುಕೊಡದ ಇದ್ದಿಲು

ಇದ್ದಿಲು ಕೊಳ್ಳುವವರಿಗೆ ಇದ್ದಿಲೆಲ್ಲ ಒಂದೇ. ಕಪ್ಪಗಿದ್ದರೆ ಸಾಕು, ಹೊತ್ತಿಕೊಂಡರೆ ಸಾಕು. ಯಾರಾದರೂ ಇದ್ದಿಲಮ್ಮನ ಎದುರು ಹಾಗೆ ಅಂದುಬಿಟ್ಟರೆ ಅವಳು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಅದು ಅವಳ ಜಾಯಮಾನವಲ್ಲ. ಹತ್ತಿರದ ಚೀಲದಿಂದ ಎರಡು ತುಂಡು ಎತ್ತಿ ಅವರ ಅಂಗೈಗಿಟ್ಟು, "ಮುರೀರಿ ನೋಡೋಣ" ಅನ್ನುತ್ತಿದ್ದಳು. ಬಂದವರು ಬಟ್ಟೆ ಮಸಿಯಾದೀತೆಂದು ಹಿಂದೆ ಸರಿದರೆ ತಾನೇ ಮುರಿದು ತೋರಿಸುತ್ತಿದ್ದಳು.

ಮುರಿಯಲೇಬೇಕು. ಚಾಕು ಹಾಕಿದರೆ ಪುಡಿ ಹೋಗಿ ರಂಧ್ರಗಳ ಬಾಯಿ ಮುಚ್ಚಿಬಿಡುತ್ತದೆ. ಕೈಯಲ್ಲಿ ಟಪ್ಪೆಂದು ಮುರಿದರೆ ಮರದ ಒಳಗೆಲ್ಲ ಕಾಣುತ್ತದೆ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಕೊಳವೆಗಳು ಸುಟ್ಟು ಕರಕಾದ ಮೇಲೂ ಇದ್ದಲ್ಲೇ ಇರುತ್ತವೆ. ಬೂರುಗದ ಇದ್ದಿಲಿಗೆ ಭೂತಗನ್ನಡಿಯೂ ಬೇಡ, ಹಿಟ್ಟಿನ ಜರಡಿಯ ಹಾಗೆ ಬರಿಗಣ್ಣಿಗೇ ತೂತು ತೂತು. ಹುಣಸೆಯದರಲ್ಲಿ ತೂತುಗಳು ಸಣ್ಣವು, ದೂರ ದೂರ, ನಡುವೆ ಗಟ್ಟಿ ಗೋಡೆ. ಕಲ್ಲಿನ ಮೇಲೆ ಬೀಳಿಸಿದರೆ ಟಣ್ಣೆನ್ನುತ್ತದೆ. ಬಿದಿರಿನಲ್ಲಿ ತೂತುಗಳೆಲ್ಲ ಮಾತಾಡಿಕೊಂಡವರಂತೆ ಗುಂಪುಗುಂಪಾಗಿ ನಿಂತಿರುತ್ತವೆ. ಇನ್ನು ತೆಂಗಿನ ಚಿಪ್ಪಿನ ಇದ್ದಿಲು. ಅದರ ಮುಖಕ್ಕೆ ಭೂತಗನ್ನಡಿ ಹಿಡಿದರೂ ಏನೂ ಕಾಣುವುದಿಲ್ಲ, ನುಣುಪು. ಆದರೆ ಎಲ್ಲಕ್ಕಿಂತ ಹೆಚ್ಚು ರಂಧ್ರಗಳಿರುವುದು ಅದರಲ್ಲೇ, ಕಣ್ಣಿಗೆ ಸಿಗದಷ್ಟು ಸಣ್ಣವು ಅಷ್ಟೆ.

ಇದು ಅವಳು ಪುಸ್ತಕದಲ್ಲಿ ಓದಿದ್ದಲ್ಲ. ಹದಿಹರೆಯದಲ್ಲಿ ಚೀಲ ಹೊಲಿಯುವ ಕೆಲಸಕ್ಕೆಂದು ಇದ್ದಿಲು ಕಾರ್ಖಾನೆಗೆ ಸೇರಿದವಳು, ಸೂಜಿ ಕೈಗೆ ಹತ್ತದೆ, ಇದ್ದಿಲು ಆರಿಸುವ ಮೇಜಿಗೆ ಹೋಗಿ ಕುಳಿತಳು. ಅಲ್ಲೇ ಕೂದಲು ನೆರೆಯಿತು. ಕಾರ್ಖಾನೆಯೆಂದರೆ ದೊಡ್ಡದೇನಲ್ಲ. ತಗಡಿನ ಸೂರು, ಒಂದು ಅಂಗಳ, ಹಿಂದುಗಡೆ ಭಟ್ಟಿ. ಕುಡಿಯುವ ನೀರಿನ ಫಿಲ್ಟರುಗಳಿಗೆ ಇದ್ದಿಲು, ಬೀರುಗಳಲ್ಲಿ ಮುಗ್ಗಲು ವಾಸನೆ ಹೀರಲು ಬಟ್ಟೆಯ ಪುಟ್ಟ ಚೀಲಗಳಲ್ಲಿ ಇದ್ದಿಲು, ಇವೇ ಅಲ್ಲಿಯ ಸರಕು. ಬಂದ ಮಾಲು ಸರಿಯಾಗಿ ಸುಟ್ಟಿದೆಯೇ ಎಂದು ನೋಡುವುದು ಇದ್ದಿಲಮ್ಮನ ಕೆಲಸ. ಮುರಿದು ನೋಡುವಳು, ನೀರಿಗೆ ಹಾಕಿ ಗುಳ್ಳೆ ಏಳುವುದನ್ನು ಕೇಳುವಳು, ಕೊನೆಗೆ ನಾಲಿಗೆಗೆ ಮುಟ್ಟಿಸುವಳು. ರಂಧ್ರ ತೆರೆದಿದ್ದರೆ ಇದ್ದಿಲು ನಾಲಿಗೆಗೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ಸಂಜೆ ಮನೆಗೆ ಹೋಗುವ ಹೊತ್ತಿಗೆ ಅವಳ ನಾಲಿಗೆ ದೋಸೆ ಹಂಚಿನ ಬಣ್ಣಕ್ಕೆ ತಿರುಗಿರುತ್ತಿತ್ತು.

"ಬಂದ್ಲಪ್ಪಾ ಕರಿನಾಲಿಗೆಯೋಳು," ಅನ್ನುತ್ತಿದ್ದಳು ಅಕ್ಕ, ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ. "ಬಾಯಿ ತೊಳ್ಕೊಳ್ಳೋ ತನಕ ಏನೂ ಮಾತಾಡ್ಬೇಡ ಪುಟ್ಟಿ. ನೀನು ಆಡಿದ್ದು ಆಗಿಹೋದ್ರೆ ಕಷ್ಟ."

ಈ ಅಕ್ಕನೇ ಅವಳಿಗಿದ್ದ ಬಂಧು, ಬಳಗ, ನೆಂಟಸ್ತಿಕೆ ಎಲ್ಲ. ಅಮ್ಮ ಹೋದಾಗ ಇವಳಿನ್ನೂ ತೊದಲು ಮಾತಿನ ಮಗು. ಅಕ್ಕ ಸೊಂಟಕ್ಕೆ ಎತ್ತಿಕೊಂಡವಳು ಇಳಿಸಲೇ ಇಲ್ಲ. ಮದುವೆಯ ಮಾತು ಬಂದಾಗೆಲ್ಲ ಅಕ್ಕ ತಂಗಿಯ ಕಡೆ ಕೈ ತೋರಿಸಿದಳು, ತಂಗಿ ಅಕ್ಕನ ಕಡೆ. ಹಾಗೆ ತೋರಿಸುತ್ತ ತೋರಿಸುತ್ತ ಇಬ್ಬರ ವಯಸ್ಸೂ ಮೀರಿತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳ ಬಾಡಿಗೆ ಮನೆ. ಮುಂದಿನ ಕೋಣೆಯ ಕಿಟಕಿಯ ಬಳಿ ಅಕ್ಕನ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಒಲೆ ಮತ್ತು ಹಾಸಿಗೆ. ಕಾರ್ಖಾನೆಯ ವಾಸನೆಚೀಲಗಳನ್ನು ಅಕ್ಕನೇ ಹೊಲಿದುಕೊಡುತ್ತಿದ್ದಳು, ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಚೂರುಗಳಿಂದ. ಹೂವಿನ ಚೀಲ, ಗೆರೆಯ ಚೀಲ, ಶಾಲೆಯ ಸಮವಸ್ತ್ರದ ನೀಲಿ ಚೀಲ. ಒಳಗೆ ಕರಿ ಇದ್ದಿಲು ತುಂಬಿಕೊಂಡು ಹೊರಗೆ ಅಷ್ಟು ಸಿಂಗಾರ ಮಾಡಿಕೊಂಡ ವಸ್ತು ಬೇರೊಂದಿರಲಿಕ್ಕಿಲ್ಲ.

ಕಾರ್ಖಾನೆಯಲ್ಲಿ ಒಂದು ಆಟವಿತ್ತು, ಅದನ್ನಿಲ್ಲಿ ಹೇಳಲೇಬೇಕು. ಬಳಸಿ ಹೊಟ್ಟೆ ತುಂಬಿದ ಇದ್ದಿಲು ವಾಪಸು ಬರುತ್ತದೆ. ಅದನ್ನು ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿಟ್ಟು ಭಟ್ಟಿಯಲ್ಲಿ ಕಾಯಿಸಿದರೆ ರಂಧ್ರಗಳೊಳಗೆ ಸೇರಿದ್ದೆಲ್ಲ ಆವಿಯಾಗಿ ಹೊರಬರುತ್ತದೆ, ಇದ್ದಿಲು ಮತ್ತೆ ಹೊಸದಾಗುತ್ತದೆ. ಆಗ ಮುಚ್ಚಳದ ಸಣ್ಣ ತೂತಿನಿಂದ ಬರುವ ವಾಸನೆ ಹಿಡಿದು, ಇದು ಯಾವ ಕೋಣೆಯಲ್ಲಿತ್ತು ಎಂದು ಹೇಳುವುದೇ ಆಟ. ಚಪ್ಪಲಿ ಅಂಗಡಿ, ಔಷಧದ ಗೋದಾಮು, ಈರುಳ್ಳಿ ಕೋಣೆ. ಇದ್ದಿಲಮ್ಮ ತಪ್ಪಿದ್ದು ಕಡಿಮೆ. ಸದಾ ತಪ್ಪುತ್ತಿದ್ದವನು ಭಟ್ಟಿ ನೋಡಿಕೊಳ್ಳುವವನು. ಬಹಳ ಹಿಂದೆ ಒಮ್ಮೆ ಡಬ್ಬಿಯ ಮುಚ್ಚಳ ಹಾರಿ ಬಿಸಿ ಹೊಗೆ ಮುಖಕ್ಕೆ ಹೊಡೆದ ಮೇಲೆ ಅವನ ಮೂಗು ಸತ್ತುಹೋಗಿತ್ತು. ಮಲ್ಲಿಗೆಯೂ ಒಂದೇ, ಸತ್ತ ಇಲಿಯೂ ಒಂದೇ. ಆದರೂ ಆಟ ಬಿಡುತ್ತಿರಲಿಲ್ಲ. "ಭಟ್ಟಿಯಣ್ಣ, ಏನು ವಾಸನೆ?" ಎಂದು ಯಾರು ಕೇಳಿದರೂ ಮುಖ ಗಂಭೀರ ಮಾಡಿಕೊಂಡು ಮೂಗರಳಿಸಿ, "ಸೋಪು" ಅನ್ನುತ್ತಿದ್ದ. ಗೊಬ್ಬರದ ಗೋದಾಮಿನ ಇದ್ದಿಲಿಗೂ ಅದೇ ಉತ್ತರ.

ಈ ಆಟದಲ್ಲೂ ಮರಕ್ಕೊಂದು ನ್ಯಾಯವಿತ್ತು. ಬೂರುಗದ ಇದ್ದಿಲು ಅಗಲ ಬಾಯಿಯದು. ಹೀರುವುದೂ ಸ್ವಲ್ಪವೇ, ಬೆಚ್ಚಗಾದರೆ ಸಾಕು ಎಲ್ಲ ಹೇಳಿಬಿಡುತ್ತದೆ, ಹೊಟ್ಟೆಯಲ್ಲಿ ಮಾತು ನಿಲ್ಲದವರ ಹಾಗೆ. ಹುಣಸೆಗೆ ಇನ್ನಷ್ಟು ಕಾವು ಬೇಕು. ಚಿಪ್ಪಿನ ಇದ್ದಿಲಿನ ಸಣ್ಣ ರಂಧ್ರಗಳು ಮಾತ್ರ ಹಿಡಿದದ್ದನ್ನು ಬಿಡುವುದಿಲ್ಲ. ಕೆಂಪಗೆ ಕಾಯಿಸಬೇಕು. ಅಷ್ಟು ಕಾದಾಗ ಒಳಗಿದ್ದ ವಾಸನೆಯೇ ಸುಟ್ಟುಹೋಗಿ, ಹೊರಬರುವುದು ಬರೀ ಕಮಟು. ಚಿಪ್ಪಿನ ಡಬ್ಬಿ ಒಲೆಗೇರಿದರೆ ಯಾರೂ ಆಟಕ್ಕೆ ಬರುತ್ತಿರಲಿಲ್ಲ.

ಅಕ್ಕ ತೀರಿಕೊಂಡದ್ದು ಬೇಸಗೆಯ ಕೊನೆಗೆ. ಹೆಚ್ಚು ನರಳಲಿಲ್ಲ, ಹೆಚ್ಚು ಹೇಳಲೂ ಇಲ್ಲ. ಗಿರಾಕಿಗಳು ಬಂದು ಅರ್ಧ ಹೊಲಿದ ಬಟ್ಟೆಗಳನ್ನು ತೆಗೆದುಕೊಂಡು ಹೋದರು, ಎರಡು ಒಳ್ಳೆಯ ಮಾತಾಡಿದರು, ಆಮೇಲೆ ಮೆಟ್ಟಿಲು ಹತ್ತುವವರಿಲ್ಲದಾಯಿತು. ಕಾರ್ಖಾನೆಯವರು ವಾಸನೆಚೀಲಗಳನ್ನು ಬೇರೆ ಕಡೆಯಿಂದ ತರಿಸತೊಡಗಿದರು, ಎಲ್ಲ ಒಂದೇ ಬಿಳಿ. ರಜೆಯ ದಿನ ಇದ್ದಿಲಮ್ಮನಿಗೆ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತಾಡುವ ಪ್ರಸಂಗವೂ ಬರುತ್ತಿರಲಿಲ್ಲ. ಮರುದಿನ ಹಾಲಿನವನಿಗೆ "ಅರ್ಧ ಲೀಟರ್ ಸಾಕು" ಅನ್ನಲು ಹೋದರೆ ಗಂಟಲು ಬಳಸದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಇಬ್ಬರಿಗೆ ಹಾಕುವ ಅಕ್ಕಿಯ ಅಳತೆ ಕೈಗೆ ರೂಢಿಯಾಗಿ ಅನ್ನ ದಿನವೂ ಮಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪುಟ್ಟಿ ಎಂದು ಕರೆಯುವವರು ಈ ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ಕಾರ್ಖಾನೆಗೆ ಅವಳು ಇದ್ದಿಲಮ್ಮ, ಸೈಕಲ್ ಅಂಗಡಿಯವನಿಗೆ ಮೇಲ್ಮನೆಯವರು. ತನಗೇ ತಾನು ಪುಟ್ಟಿ ಎಂದು ಕರೆದುಕೊಳ್ಳಲು ಅವಳಿಗೆ ನಾಚಿಕೆಯಾಗುತ್ತಿತ್ತು.

ಅಕ್ಕನದೆಂದು ಉಳಿದದ್ದೇನು? ಒಂದು ಫೋಟೋ ಇತ್ತು. ಫೋಟೋದವನು "ಅಲ್ಲಾಡಬೇಡಿ" ಎಂದು ಹೆದರಿಸಿದ್ದಕ್ಕೆ ಅಕ್ಕ ಅದರಲ್ಲಿ ಪೊಲೀಸಿನವರ ಹಾಗೆ ನಿಂತಿದ್ದಳು. ಆ ಮುಖವನ್ನು ಇದ್ದಿಲಮ್ಮ ಬದುಕಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ದನಿಯನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಉಳಿದದ್ದು ಬೀರುವಿನಲ್ಲಿದ್ದ ಬಟ್ಟೆಗಳು, ಬಟ್ಟೆಗಳಲ್ಲಿದ್ದ ವಾಸನೆ. ಮೆಷಿನ್ನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ಹಲ್ಲುನೋವಿಗೆಂದು ದವಡೆಯಲ್ಲಿ ಸದಾ ಇಟ್ಟುಕೊಳ್ಳುತ್ತಿದ್ದ ಲವಂಗ, ಇವೆಲ್ಲದರ ಕೆಳಗೆ ಹೆಸರಿಲ್ಲದ ಇನ್ನೊಂದು, ಅದು ಅಕ್ಕನ ಕುತ್ತಿಗೆಯದು. ಚಿಕ್ಕವಳಿದ್ದಾಗ ಜ್ವರ ಬಂದರೆ ಇವಳು ಮುಖ ಹುದುಗಿಸುತ್ತಿದ್ದುದು ಅಲ್ಲೇ.

ಬೀರುವನ್ನು ಅವಳು ದಿನವೂ ತೆರೆಯುತ್ತಿರಲಿಲ್ಲ. ವಾಸನೆ ಖರ್ಚಾಗುವ ವಸ್ತು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ತೀರಾ ತಡೆಯಲಾಗದಾಗ ಬಾಗಿಲನ್ನು ಕೈಯಗಲ ತೆರೆದು, ಅಕ್ಕ ಮನೆಯಲ್ಲಿ ಉಡುತ್ತಿದ್ದ ನೀಲಿ ಸೀರೆಯ ಮಡಿಕೆಗೆ ಮೂಗು ಹಚ್ಚಿ, ಒಂದು ಉಸಿರೆಳೆದು ಮುಚ್ಚುವಳು. ಕೆಳಗಿನ ಸೈಕಲ್ ಅಂಗಡಿಯವನ ಹೆಂಡತಿ ಒಮ್ಮೆ ಮೆಟ್ಟಿಲ ಬಳಿ ನಿಲ್ಲಿಸಿ ಬುದ್ಧಿ ಹೇಳಿದಳು.

"ಸತ್ತೋರ ಬಟ್ಟೆ ಮನೇಲಿಟ್ಕೊಂಡು ಏನ್ ಮಾಡ್ತೀರಿ? ಯಾರಿಗಾದ್ರೂ ಕೊಟ್ಟುಬಿಡಿ, ಉಟ್ಕೊಳ್ತಾರೆ."

"ಕೊಡ್ತೀನಿ, ನಿಧಾನಕ್ಕೆ," ಅಂದಳು ಇದ್ದಿಲಮ್ಮ.

ಮಳೆಗಾಲ ಬಂತು. ಹಿಂದಿನ ಕೋಣೆಯ ಗೋಡೆ ತೇವ ಕುಡಿಯಿತು. ಒಂದು ದಿನ ಬೀರು ತೆರೆದರೆ ಮೊದಲು ಮೂಗಿಗೆ ಬಡಿದದ್ದು ಅಕ್ಕನಲ್ಲ, ಬೂಷ್ಟು. ಒಂದು ರವಿಕೆಯ ತೋಳಿನ ಮೇಲೆ ಬೂದು ಚುಕ್ಕೆಗಳು ಎದ್ದಿದ್ದವು. ಒಗೆಯುವ ಹಾಗಿಲ್ಲ, ಬಿಸಿಲಿಗೆ ಹಾಕುವ ಹಾಗಿಲ್ಲ. ಎರಡರಲ್ಲೂ ಬೂಷ್ಟಿನ ಜೊತೆ ಅಕ್ಕನೂ ಹೋಗುತ್ತಾಳೆ. ಆ ರವಿಕೆಯನ್ನು ಬೇರೆಯಿಟ್ಟಳು. ಉಳಿದದ್ದಕ್ಕೆ ಮುಗ್ಗಲು ಹತ್ತದಂತೆ ಮಾಡುವ ವಿದ್ಯೆ ಕೈಯಲ್ಲೇ ಇದೆಯಲ್ಲ ಎಂದು ಹೊಳೆದಾಗ ಅವಳಿಗೆ ಎಷ್ಟೋ ಸಮಾಧಾನವಾಯಿತು. ಊರಿನವರ ಬೀರುಗಳನ್ನೆಲ್ಲ ಕಾಯುವ ಇದ್ದಿಲು ಅಕ್ಕನ ಬೀರುವನ್ನು ಕಾಯದೇ ಇದ್ದೀತೇ?

ಮರುದಿನ ಕಾರ್ಖಾನೆಯಲ್ಲಿ ಅವಳು ಅಕ್ಕನಿಗೆಂದು ಇದ್ದಿಲು ಆರಿಸಲು ಕೂತಳು. ಮೂಲೆಯಲ್ಲಿ ಯಾರಿಗೂ ಬೇಡದ ಬೂರುಗದ ಇದ್ದಿಲಿನ ಚೀಲವೊಂದು ಬಿದ್ದಿತ್ತು, ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಕ್ಕನಿಗೆ ಕಳಪೆ ಮಾಲೇ? ಚಿಪ್ಪಿನದನ್ನೇ ತೆಗೆದುಕೊಂಡಳು, ಅದರಲ್ಲೂ ಕೆಂಪಗೆ ಕಾಯಿಸಿ ಉಗಿ ಕೊಟ್ಟು ರಂಧ್ರ ತೆರೆಸಿದ್ದನ್ನು. ಭಟ್ಟಿಯಣ್ಣನ ಕೈಲಿ ಇನ್ನೊಂದು ಸಲ ಉಗಿ ಕೊಡಿಸಿದಳು. ಪುಡಿ ಜಾಡಿಸಿ, ಒಂದೊಂದೇ ತುಂಡನ್ನು ನಾಲಿಗೆಗೆ ಹಚ್ಚಿ, ಕಿತ್ತರೂ ಬಾರದಂತೆ ಕಚ್ಚಿಕೊಂಡದ್ದನ್ನು ಮಾತ್ರ ಇಟ್ಟುಕೊಂಡಳು. ಅಕ್ಕ ಹೊಲಿದ ಕೊನೆಯ ಹೂವಿನ ಚೀಲಗಳು ಮನೆಯಲ್ಲಿದ್ದವು. ಅವುಗಳಲ್ಲಿ ತುಂಬಿ, ಸೀರೆಗಳ ನಡುನಡುವೆ ಇಟ್ಟು, ಬೀರುವಿಗೆ ಬೀಗ ಹಾಕಿದಳು. ಮಳೆ ಮುಗಿಯುವ ತನಕ ತೆರೆಯಬಾರದು, ತೇವ ಒಳಗೆ ಹೋಗಬಾರದು ಎಂದು ತನಗೆ ತಾನೇ ಕಟ್ಟಪ್ಪಣೆ ಮಾಡಿಕೊಂಡಳು.

ಇಲ್ಲಿ ಯಾರಿಗಾದರೂ ನಗು ಬಂದರೆ ತಪ್ಪೇನಿಲ್ಲ. ವಾಸನೆ ಹೀರುವುದೇ ಆ ಇದ್ದಿಲಿನ ಕಸುಬು, ಅದನ್ನು ಆರಿಸುವುದೇ ಇವಳ ಕಸುಬು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಬೂಷ್ಟಿನ ವಾಸನೆ ಬೇರೆ, ಅಕ್ಕನ ವಾಸನೆ ಬೇರೆ ಎಂದು ಅವಳು ಅಂದುಕೊಂಡಿದ್ದಳು. ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಇದ್ದಿಲಿಗೆ ಆ ಭೇದ ಯಾರು ಹೇಳಿಕೊಡಬೇಕು?

ಮಳೆಗಾಲವೆಲ್ಲ ಅವಳು ಆ ಬೀಗವನ್ನು ನೋಡಿಕೊಂಡೇ ಕಳೆದಳು. ಮನೆಗೆ ಬಂದಾಗ ಮೆಷಿನ್ನಿನ ಸದ್ದಿಲ್ಲದ್ದಕ್ಕೆ ಎದೆ ಭಾರವಾದರೆ, ಇರಲಿ, ಒಳಗಿದ್ದಾಳೆ, ಮಳೆ ನಿಲ್ಲಲಿ ಅಂದುಕೊಳ್ಳುವಳು. ಅಷ್ಟಕ್ಕೇ ಅವಳಿಗೆ ನಿದ್ದೆ ಬರುತ್ತಿತ್ತು.

ಬಿಸಿಲು ಬಿದ್ದ ಮೊದಲ ರಜೆಯ ದಿನ, ಮಿಂದು, ಬಾಯಿ ತಿಕ್ಕಿ ತಿಕ್ಕಿ ತೊಳೆದುಕೊಂಡು, ಕರಿನಾಲಿಗೆಯ ಮಾತು ಅಕ್ಕ ಎತ್ತಬಾರದೆಂಬಂತೆ, ಬೀಗ ತೆರೆದಳು. ಬಾಗಿಲನ್ನು ಕೈಯಗಲ ಸರಿಸಿ ನೀಲಿ ಸೀರೆಗೆ ಮೂಗು ಹಚ್ಚಿದಳು. ಏನೂ ಇಲ್ಲ. ನೆಗಡಿಯಿರಬೇಕೆಂದು ಮೂಗು ಸೀಟಿಕೊಂಡು ಬಂದಳು. ಬಾಗಿಲು ಪೂರ್ತಿ ತೆರೆದಳು. ಮಡಿಕೆ ಬಿಚ್ಚಿದಳು, ಸೆರಗು, ಕುತ್ತಿಗೆಯ ಹತ್ತಿರ ಬರುವ ಅಂಚು, ರವಿಕೆಗಳ ಕಂಕುಳ ಭಾಗ, ಒಂದಾದ ಮೇಲೊಂದು ಮುಖಕ್ಕೊತ್ತಿ ನೋಡಿದಳು. ಬೂಷ್ಟೂ ಇಲ್ಲ, ಎಣ್ಣೆಯೂ ಇಲ್ಲ, ಲವಂಗವೂ ಇಲ್ಲ. ಬಟ್ಟೆಗಳು ಯಾರೂ ಎಂದೂ ಉಡದ ಬಟ್ಟೆಗಳ ಹಾಗೆ ಇದ್ದವು. ಬೇರೆ ಇಟ್ಟಿದ್ದ ರವಿಕೆಯನ್ನು ಹುಡುಕಿ ತೆಗೆದರೆ ಅದನ್ನು ಬೂಷ್ಟು ಪೂರ್ತಿ ತಿಂದುಹಾಕಿತ್ತು.

ಆಮೇಲೆ ಅವಳ ಕಣ್ಣು ಹೂವಿನ ಚೀಲಗಳ ಮೇಲೆ ಬಿತ್ತು. ಒಂದನ್ನು ಎತ್ತಿ ಕೈಯಲ್ಲಿ ತೂಗಿದಳು. ಇಟ್ಟಾಗಿದ್ದುದಕ್ಕಿಂತ ಭಾರವಾಗಿತ್ತು. ಅಷ್ಟೂ ತೇವ, ಅಷ್ಟೂ ಅಕ್ಕ ಅದರೊಳಗೆ. ಕೈಯಾರೆ ಆರಿಸಿ, ನಾಲಿಗೆಯಲ್ಲಿ ಪರೀಕ್ಷಿಸಿ, ತಾನೇ ತಂದಿಟ್ಟದ್ದು. ಇದ್ದಿಲಮ್ಮ ಬೀರುವಿನ ಮುಂದೆ ನೆಲದ ಮೇಲೆ ಕೂತು ಅತ್ತಳು. ಅಕ್ಕ ಸತ್ತ ದಿನ ಜನರಿದ್ದರು, ಅಷ್ಟು ಅಳಲು ಆಗಿರಲಿಲ್ಲ. ಈಗ ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಗಟ್ಟಿಯಾಗಿಯೇ ಅತ್ತಳು.

ಅತ್ತು ಮುಗಿದ ಮೇಲೆ ಆಸೆ ತಲೆಯೆತ್ತಿತು. ಒಳಗೆ ಹೋದದ್ದು ಎಲ್ಲೂ ಹೋಗಿಲ್ಲವಲ್ಲ, ಅಲ್ಲೇ ಇದೆಯಲ್ಲ. ಕಾಯಿಸಿದರೆ ಒಂದೇ ಒಂದು ಸಲ, ನಾಲ್ಕು ಉಸಿರಿನಷ್ಟು ಹೊತ್ತು ಬರಬಹುದು. ಚಿಪ್ಪಿನ ಇದ್ದಿಲು ಏನು ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ಆದರೆ ಗೊತ್ತಿದ್ದೂ ಆಸೆಪಡುವುದಕ್ಕೆ ಮನುಷ್ಯರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಧಾನಕ್ಕೆ, ತೀರಾ ನಿಧಾನಕ್ಕೆ ಕಾಯಿಸಿದರೆ ಹೇಗೆ? ತುಂಡುಗಳ ಹೊರಮೈಯಲ್ಲಾದರೂ ಒಂದಿಷ್ಟು ಅಂಟಿಕೊಂಡಿರಲಾರದೇ?

ಚೀಲಗಳ ಹೊಲಿಗೆಯನ್ನು ಹರಿಯದಂತೆ ಬಿಚ್ಚಿ, ಚೀಲಗಳನ್ನು ಮನೆಯಲ್ಲಿಟ್ಟು, ಇದ್ದಿಲನ್ನು ಮುಚ್ಚಳದ ಪಾತ್ರೆಯಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋದಳು. ಮಿಕ್ಕವರಿಗೆ ರಜೆ, ಭಟ್ಟಿಗೆ ರಜೆಯಿಲ್ಲ. ಭಟ್ಟಿಯಣ್ಣ ಒಬ್ಬನೇ ಬೂದಿ ಕೆದಕುತ್ತಿದ್ದ. ಅವಳು ಸುತ್ತಿಬಳಸದೆ ಎಲ್ಲ ಹೇಳಿದಳು. ಅವನು ಪಾತ್ರೆಯೊಳಗೆ ಇಣುಕಿದ.

"ಇದು ಚಿಪ್ಪಿಂದಲ್ವೇನಮ್ಮಾ," ಅಂದ ಮೆಲ್ಲಗೆ.

"ಹೌದು. ಅಕ್ಕನಿಗೆ ಅಂತ ಒಳ್ಳೇದನ್ನೇ ಹಾಕ್ದೆ ಭಟ್ಟಿಯಣ್ಣ."

ಅವನು ಸಣ್ಣ ಡಬ್ಬಿಯೊಂದನ್ನು ತಿಕ್ಕಿ ಒರೆಸಿ, ಹಳೆಯ ವಾಸನೆ ಇರದಂತೆ ಒಮ್ಮೆ ಬರಿದೇ ಕಾಯಿಸಿ ಆರಿಸಿ, ಇದ್ದಿಲು ಸುರಿದು ಮುಚ್ಚಳ ಬಿಗಿದ. ಕೆಂಡವನ್ನೆಲ್ಲ ಒಂದು ಬದಿಗೆ ಎಳೆದು, ಡಬ್ಬಿಯನ್ನು ಬೂದಿಯ ಮೇಲಿಟ್ಟ. ಇದ್ದಿಲಮ್ಮ ಮುಚ್ಚಳದ ತೂತಿನ ಹತ್ತಿರ ಮುಖ ಇಟ್ಟುಕೊಂಡು ನಿಂತಳು.

ಡಬ್ಬಿ ಬೆಚ್ಚಗಾಯಿತು. ಬೂರುಗವಾಗಿದ್ದರೆ ಇಷ್ಟಕ್ಕೇ ಎಲ್ಲ ಹೇಳಿಬಿಡುತ್ತಿತ್ತು. ತೂತಿನಿಂದ ಬರೀ ನೀರಾವಿ ಬಂತು. ಅವನು ಒಂದಿಷ್ಟು ಕೆಂಡ ಸರಿಸಿದ. ಹುಣಸೆ ಬಾಯಿಬಿಡುವಷ್ಟು ಕಾವೂ ಆಯಿತು. ಏನೂ ಇಲ್ಲ.

"ಇನ್ನೂ ಕೊಡ್ಲಾ?"

"ಸ್ವಲ್ಪ. ಸ್ವಲ್ಪವೇ."

ಸ್ವಲ್ಪ ಸ್ವಲ್ಪವೆನ್ನುತ್ತ ಡಬ್ಬಿಯ ಬುಡ ಕೆಂಪಗಾಗುವವರೆಗೂ ಬಂತು. ಆಗ ತೂತಿನಿಂದ ತೆಳ್ಳಗೆ ಹೊಗೆಯೆದ್ದಿತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು. ಕಮಟು. ಚಪ್ಪಲಿ ಅಂಗಡಿಯ ಚಿಪ್ಪಿನ ಇದ್ದಿಲಿನಿಂದ ಬರುವಂಥದೇ, ಈರುಳ್ಳಿ ಕೋಣೆಯದರಿಂದ ಬರುವಂಥದೇ, ಅದೇ ಕಮಟು. ಇನ್ನೊಮ್ಮೆ ಎಳೆದಳು, ಮತ್ತೊಮ್ಮೆ. ಹೊಗೆ ತೆಳುವಾಯಿತು, ನಿಂತಿತು. ಒಳಗಿನ ಇದ್ದಿಲು ಈಗ ಹೊಸದಾಗಿತ್ತು, ಯಾರ ಬೀರುವಿನಲ್ಲಾದರೂ ಇಡಬಹುದಿತ್ತು.

ಇದ್ದಿಲಮ್ಮ ಹಿಂದೆ ಸರಿದು, ಕಾಲಿಗೆ ತಗುಲಿದ ಚೀಲದ ಮೇಲೆ ಕುಸಿದು ಕೂತಳು. ಯಾರಿಗೂ ಬೇಡದ ಆ ಬೂರುಗದ ಚೀಲವೇ ಅದು. ಒಳಗಿನ ತುಂಡುಗಳು ಅವಳ ಭಾರಕ್ಕೆ ಪುಡಿಯಾಗುವ ಸದ್ದು ಕೇಳಿತು. ಇದರದೊಂದು ಹಿಡಿ ಹಾಕಿದ್ದರೆ ಸಾಕಾಗಿತ್ತು. ಭಟ್ಟಿಯಣ್ಣ ಡಬ್ಬಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದವನು ತೂತಿನ ಕಡೆ ಬಗ್ಗಿ, ಆಟದಲ್ಲಿ ಮಾಡುವ ಹಾಗೆ ಮೂಗರಳಿಸಿದ. ಈ ಹೊತ್ತಿನಲ್ಲಿ ಇವನೊಬ್ಬ, ಸೋಪು ಅನ್ನುತ್ತಾನೆ ಎಂದು ಅವಳಿಗೆ ಸಿಟ್ಟೇ ಬಂತು.

"ಲವಂಗ," ಅಂದ ಅವನು.

ಅವಳು ತಲೆಯೆತ್ತಿದಳು. ಲವಂಗದ ಮಾತನ್ನು ಅವಳು ಹೇಳಿರಲಿಲ್ಲ. ಅಕ್ಕನ ವಾಸನೆ ಎಂದಷ್ಟೇ ಹೇಳಿದ್ದಳು.

"ಲವಂಗ. ಮೆಷಿನ್ ಎಣ್ಣೆ. ಆಮೇಲೆ ಅದೇನದು, ಹೊಸ ಬಟ್ಟೆದು, ಗಂಜಿ ಹಾಕಿರ್ತಾರಲ್ಲ, ಅದು."

"ನಿಮ್ಗೆ ವಾಸನೆ ಬರುತ್ತಾ?" ಅವಳು ಎದ್ದೇಬಿಟ್ಟಳು.

"ಎಲ್ಲಿಂದ ಬರ್ಬೇಕಮ್ಮ." ಅವನು ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಮೂಗು ಹಾಳಾಗೋಕ್ ಮುಂಚೆ ಅಕ್ಕಾವ್ರು ಚೀಲದ ಗಂಟು ಹೊತ್ಕೊಂಡು ಇದೇ ಬಾಗಿಲಿಗೆ ಬರ್ತಿದ್ರು. ಭಟ್ಟಿ ಹತ್ರ ಎಲ್ಲಾ ಕಮಟೇ ಕಮಟು, ಅದ್ರಲ್ಲಿ ಅದೊಂದು ಲವಂಗ. ಮೂಗು ಹೋದ್ಮೇಲೆ ನಂಗೆ ನೆನಪಿರೋದೇ ನಾಲ್ಕು ವಾಸನೆ. ನಮ್ಮಮ್ಮನ ಒಲೆದು, ಮಳೆದು, ನನ್ ಮಗು ತಲೇದು. ಇನ್ನೊಂದು ಇದು."

ಅವಳು ಮತ್ತೆ ಕೂತಳು. ಗಿರಾಕಿಗಳು ಬಂದುಹೋದ ಮೇಲೆ, ಇಷ್ಟು ತಿಂಗಳಲ್ಲಿ, ಅಕ್ಕನನ್ನು ನೆನೆದು ಇನ್ನೊಬ್ಬರು ಆಡಿದ ಮೊದಲ ಮಾತು ಅದು. ಆ ವಾಸನೆ ತನ್ನೊಬ್ಬಳದೇ ಎಂದು ಅವಳು ತಿಳಿದಿದ್ದಳು.

"ಒಳಗೆ ಬರೋರಲ್ಲ ಅವ್ರು," ಅವನು ಕೆಂಡ ಸರಿಸುತ್ತ ಹೇಳಿದ. "ಮಸಿ ಆಗುತ್ತೆ ಅಂತ ಬಾಗಿಲಲ್ಲೇ ನಿಂತು ನನ್ನ ಕೇಳೋರು."

"ಏನಂತ?"

"ಪುಟ್ಟಿ ಒಳಗಿದ್ದಾಳಾ, ಅಂತ."

ಭಟ್ಟಿಯೊಳಗೆ ಕೆಂಡವೊಂದು ಚಟಕ್ಕೆಂದಿತು. ಇದ್ದಿಲಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಮಸಿಯಾಯಿತು.

"ಇನ್ನೊಂದ್ ಸಲ ಹೇಳಿ ಭಟ್ಟಿಯಣ್ಣ. ಅಕ್ಕ ಹೇಳ್ತಿದ್ದ ಹಾಗೇ."

ಅವನಿಗೆ ಸಂಕೋಚವಾಯಿತು. ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಗಿಲ ಕಡೆಯಿಂದ ಯಾರೋ ಕೇಳುವ ಹಾಗೆ ದನಿಯನ್ನು ಒಂದಿಷ್ಟು ಎತ್ತರಿಸಿದ.

"ಪುಟ್ಟಿ ಒಳಗಿದ್ದಾಳಾ?"

"ಇದ್ದಾಳೆ," ಅಂದಳು ಅವಳು.